ಪ್ರಾರ್ಥನೆಯೊಳಗೆ ಬಂದವನು

1954

ಫೆಬ್ರುವರಿ 28, ರವಿವಾರ

ಎಂದಿನಂತೆ ಬೆಳಿಗ್ಗೆ ಮರಾಠಿ ಚರ್ಚು, ಮಧ್ಯಾಹ್ನ ಊಟ, ಒಂದು ಗಂಟೆ ನಿದ್ದೆ. ನಾಲ್ಕಕ್ಕೆ ಸದರ್ ಬಡಾವಣೆಯಲ್ಲಿ ಸ್ತೆಫಾನಪ್ಪ ಕೊಪ್ಪದರ ಮನೆ — ನಮ್ಮ ಕನ್ನಡ ಪ್ರಾರ್ಥನಾಕೂಟ. ಇಷ್ಟು ದೊಡ್ಡ ನಾಗಪುರದಲ್ಲಿ ಕನ್ನಡದಲ್ಲಿ ದೇವರನ್ನು ಕರೆಯುವ ಕ್ರೈಸ್ತರು ನಾವು ಏಳು ಮನೆಯವರು. ಎಲ್ಲರೂ ಬೆಟಗೇರಿ, ಹುಬ್ಬಳ್ಳಿ, ಧಾರವಾಡದ ಕಡೆಯವರೇ. ಚಾಪೆ ಸಾಲದೆ ಹೆಂಗಸರು ಅಡುಗೆಮನೆಯ ಹೊಸ್ತಿಲ ತನಕ ಕುಳಿತಿದ್ದರು.

ಈಸ್ಟರಿಗೆ ಮುಂಚಿನ ಆರು ರವಿವಾರ ಯಾರಾದರೂ ಪಾಠ ಹೇಳಬೇಕು. ವಿಷಯ — ಸೈತಾನನ ಶೋಧನೆ. ಅದನ್ನು ಗುರುತಿಸುವುದು ಹೇಗೆ, ಎದುರಿಸುವುದು ಹೇಗೆ. ಯಾರು ಹೇಳುವುದು ಎಂದಾಗ ಗುರುಸಿದ್ದಪ್ಪನವರು ನನ್ನತ್ತ ಕೈ ತೋರಿಸಿದರು.

"ನತಾನಯೇಲಪ್ಪನವರು ಹೇಳ್ಲಿ. ಓದಿಕೊಂಡಾರ. ಮಾತಿಗೂ ಚಲೋ ಅದಾರ."

ಆಶ್ಚರ್ಯ. ಇದೇ ಮನುಷ್ಯ 1950ರ ಕ್ರಿಸ್ಮಸ್ಸಿನಲ್ಲಿ, ನಾನು ಕೀರ್ತನೆ ಎತ್ತಿಕೊಂಡಾಗ, ರೈಲು ನಿಲ್ಲಿಸುವಂತೆ ಕೈಯೆತ್ತಿ — ಗಾರ್ಡ್ ಅಲ್ಲವೇ — ಎಲ್ಲರೆದುರು "ಶ್ರುತಿ ತಪ್ಪೈತಿ, ಕೂಡ್ರಿ" ಅಂದಿದ್ದರು. ಅಂದಿನಿಂದ ನಾನು ಹಾಡು ಎತ್ತಿಲ್ಲ. ಅವರಿಗೆ ಅದು ನೆನಪೂ ಇರಲಿಕ್ಕಿಲ್ಲ. ನನಗಿದೆ.

ಒಪ್ಪಿಕೊಂಡೆ. ದಾರಿಯಲ್ಲಿ ಹೆಂಡತಿ ಜಯಾ, "ಮಾರಿ ಭಾಳ ಅರಳೇತಲ್ಲ ನಿಮ್ಮದು" ಅಂದಳು. ಅರಳಿರಲಿಲ್ಲ.

ಮಾರ್ಚ್ 3, ಬುಧವಾರ

ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಪಾಠಕ್ಕೆ ನೋಟ್ಸ್ ಮಾಡುತ್ತಿದ್ದೆ. ಡ್ರಾಫ್ಟ್ಸ್‌ಮನ್ ಬಿಂದುಮಾಧವರಾಯರು ಹೆಗಲ ಮೇಲಿಂದ ಬಗ್ಗಿ ಓದಿದರು.

"ಈ ನಿಮ್ಮ ಸೈತಾನ ಪರ್ಮನೆಂಟ್ ಸ್ಟಾಫ್ ಏನ್ರಿ, ಟೆಂಪರರಿ?"

"ಟೆಂಪರರಿ. ಕೆಲಸದಿಂದ ತೆಗೆದದ್ದಾಗೇದ. ಆರ್ಡರ್ ಕೈಗೆ ಮುಟ್ಟೋ ತನಕ ಓಡಾಡ್ಕೊಂಡಿರ್ತಾನ."

ರಾಯರು ತುಂಬ ನಕ್ಕರು. ನನಗೂ ಹಿಡಿಸಿತು. ಪಾಠದಲ್ಲಿ ಹೇಳಬಹುದು.

ಸೈತಾನ ಬರುವ ಬಾಗಿಲು ಮೂರು ಎಂದು ಬರೆದುಕೊಂಡಿದ್ದೇನೆ. ಹೊಟ್ಟೆಯ ಹಸಿವು, ಮೆರೆಯುವ ಆಸೆ, ಆಳುವ ಆಸೆ. ಯೇಸುಸ್ವಾಮಿಯನ್ನು ಅಡವಿಯಲ್ಲಿ ಮುತ್ತಿದ್ದೂ ಈ ಮೂರೇ. ಓವರ್ಸಿಯರನ ಬುದ್ಧಿ ನನ್ನದು — ಸೈತಾನನಿಗೂ ಪ್ಲ್ಯಾನು ಬರೆದು, ಬಾಗಿಲಿಗೆ ಒಂದೊಂದು ಚಿಲಕ ತೋರಿಸಿದ್ದಾಯಿತು.

ಮಾರ್ಚ್ 7, ರವಿವಾರ

ಮೊದಲ ಪಾಠ. ಹಸಿವಿನ ಬಗ್ಗೆ. ಚೆನ್ನಾಗಿ ಆಯಿತು, ಸುಳ್ಳೇಕೆ. ಸ್ತೆಫಾನಪ್ಪನವರು ಎರಡು ಸಲ ಕಣ್ಣೊರೆಸಿಕೊಂಡರು. ಟೆಂಪರರಿ ಸ್ಟಾಫಿನ ಮಾತಿಗೆ ನಗೆ.

ಗುರುಸಿದ್ದಪ್ಪನವರು ಡ್ಯೂಟಿಯಿಂದ ನೇರ ಬಂದು ಬಾಗಿಲ ಹತ್ತಿರ ಕುಳಿತಿದ್ದರು. ಹೋಗುವಾಗ "ಚಲೋ ಆತು" ಅಂದರು. ಅಷ್ಟೆ. ಮೂರು ವರ್ಷಕ್ಕೆ ಎರಡು ಶಬ್ದ.

ಮಾರ್ಚ್ 11, ಗುರುವಾರ

ಛಿಂದ್ವಾಡಾ ರಸ್ತೆಗೆ ಹೋಗಿದ್ದೆ, ಮನೋರೋಗಿಗಳ ಆಸ್ಪತ್ರೆಗೆ. ಪ್ರತಿ ವರ್ಷದ ಕೆಲಸ — ಮಳೆಗಾಲಕ್ಕೆ ಮುಂಚೆ ಹೆಂಚು ನೋಡಿ ರಿಪೋರ್ಟು ಬರೆಯುವುದು. ಏಣಿಯ ಮೇಲಿದ್ದೆ. ಕೆಳಗೆ ಬೇವಿನ ಮರ, ಅದರಡಿ ಬೆಂಚು. ನೋಡಲು ಬಂದವರು ಕೂರುವ ಜಾಗ. ರೈಲ್ವೆ ಗಾರ್ಡಿನ ಬಿಳಿ ಕೋಟು ಕಂಡಿತು. ಗುರುಸಿದ್ದಪ್ಪನವರು. ಪಕ್ಕದಲ್ಲಿ ಇಪ್ಪತ್ತಾರರ ಗಂಡಸು, ತಲೆಗೂದಲು ಸಣ್ಣಗೆ ಕತ್ತರಿಸಿದೆ. ಅವರ ಮಗ ಯೋನಾತಾನ. ಜಬಲ್ಪುರದಲ್ಲಿ ನೌಕರಿ ಎಂದು ಮೂರು ವರ್ಷದಿಂದ ಹೇಳುತ್ತಿರುವ ಮಗ.

ಕಿತ್ತಳೆ ಸುಲಿಯುತ್ತಿದ್ದರು. ಬಿಳಿ ನಾರು ತೆಗೆದು, ಬೀಜ ತೆಗೆದು, ಒಂದೊಂದೇ ತೊಳೆ ಅವನ ಅಂಗೈಗೆ ಇಡುವರು. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿ ಆಮೇಲೆ ತಿನ್ನುವನು. ಅವನ ಗಲ್ಲದ ಮೇಲೆ ಹರಿದ ರಸವನ್ನು ತಂದೆ ತಮ್ಮ ಕೋಟಿನ ತೋಳಿನಿಂದಲೇ ಒರೆಸಿದರು.

ಅವರು ಎದ್ದು ಹೋಗುವ ತನಕ ನಾನು ಇಳಿಯಲಿಲ್ಲ. ನನ್ನನ್ನು ಅವರು ನೋಡಲಿಲ್ಲ.

ಅಯ್ಯೋ ಅನಿಸಿತು. ನಿಜವಾಗಿ ಅನಿಸಿತು. ಅದೇ ಮೊದಲು ಬಂತು ಎಂದು ಇಲ್ಲಿ ಬರೆದಿಡುತ್ತೇನೆ. ಎರಡನೆಯದು ಇಳಿಯುವಾಗ, ಏಣಿಯ ನಾಲ್ಕನೇ ಮೆಟ್ಟಿಲಲ್ಲಿ ಬಂತು — ಅಂದರೆ ಸುಳ್ಳು ಹೇಳುತ್ತಾರೆ, ಎಲ್ಲರ ಶ್ರುತಿ ತಿದ್ದುವ ಈ ಮನುಷ್ಯ!

ಮಾರ್ಚ್ 12, ಶುಕ್ರವಾರ

ಯಾರಿಗೂ ಹೇಳಿಲ್ಲ. ಜಯಾಗೂ ಇಲ್ಲ. ದೊಡ್ಡತನವೇ ಅನ್ನಬೇಕು. ದಿನವಿಡೀ ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡ ಹಾಗೆ. ಕರಗುತ್ತಲೂ ಇಲ್ಲ.

ಮಾರ್ಚ್ 14, ರವಿವಾರ

ಎರಡನೇ ಪಾಠ, ಮೆರೆಯುವ ಆಸೆಯ ಬಗ್ಗೆ. ಮೊದಲನೆಯದಕ್ಕಿಂತ ಚೆನ್ನಾಗಿ ಆಯಿತು.

ಕೊನೆಗೆ ಸ್ತೆಫಾನಪ್ಪನವರು ಎದ್ದು ಸಂತೋಷದ ಸುದ್ದಿ ಹೇಳಿದರು. ಅವರ ಅಣ್ಣನ ಮಗ ಕೃಪಾಕರ — ಬೆಟಗೇರಿಯಲ್ಲಿ ಶಾಲಾ ಮಾಸ್ತರ — ಅವನಿಗೂ ಗುರುಸಿದ್ದಪ್ಪನವರ ಮಗಳು ವಾಸಂತಿಗೂ ಸಂಬಂಧ ಕೂಡಿದೆ. ಈಸ್ಟರ್ ಕಳೆದ ವಾರ ನಿಶ್ಚಿತಾರ್ಥ. ಪೇಢೆ ಹಂಚಿದರು. ವಾಸಂತಿ ಹೆಂಗಸರ ನಡುವೆ ತಲೆ ತಗ್ಗಿಸಿ ನಗುತ್ತಿದ್ದಳು. ಒಳ್ಳೆಯ ಹುಡುಗಿ. ನಮ್ಮ ಜಯಾಗೆ ಟೈಫಾಯಿಡ್ ಆದಾಗ ಹದಿನೈದು ದಿನ ಗಂಜಿ ಮಾಡಿ ತಂದಿದ್ದಳು.

"ಯೋನಾತಾನ ಬರ್ತಾನೇನ್ರಿ?" ಯಾರೋ ಕೇಳಿದರು.

"ಜಬಲ್ಪುರದಾಗ ರಜಾ ಸಿಗೂದು ಕಠಿಣ ಐತ್ರಿ," ಅಂದರು ಗುರುಸಿದ್ದಪ್ಪ. ಚಹಾದ ಬಸಿಯನ್ನೇ ನೋಡುತ್ತ.

ನಾನೂ ನನ್ನ ಬಸಿ ನೋಡಿದೆ.

ಮಾರ್ಚ್ 17, ಬುಧವಾರ

ಯೋಚನೆ. ಸ್ತೆಫಾನಪ್ಪನವರಿಗೆ ತಿಳಿಯಬೇಡವೇ? ಹೆಣ್ಣು ತರುವವರು ಅವರು. ನಾಳೆ ತಿಳಿದರೆ, "ನಿಮಗ ಗೊತ್ತಿತ್ತು, ಯಾಕ ಹೇಳ್ಲಿಲ್ಲ" ಎಂದು ನನ್ನನ್ನು ಕೇಳಲಾರರೇ? ಸತ್ಯವಲ್ಲವೇ ಇದು? ಸತ್ಯ ಹೇಳುವುದರಲ್ಲಿ ಪಾಪ ಎಲ್ಲಿಂದ ಬಂತು?

ಆದರೆ ಚಾಡಿ ಹೇಳುವುದು ನನ್ನ ಸ್ವಭಾವವಲ್ಲ. ನೇರವಾಗಿ ಹೇಳಲಾರೆ. ಈ ವಿಷಯವನ್ನು ಪ್ರಾರ್ಥನೆಯಲ್ಲಿ ಇಡುತ್ತೇನೆ.

ಮಾರ್ಚ್ 21, ರವಿವಾರ

ಇಟ್ಟೆ.

ಮೂರನೇ ಪಾಠ ಮುಗಿದ ಮೇಲೆ ಎಲ್ಲರೂ ಮೊಣಕಾಲೂರಿದೆವು. ಒಬ್ಬೊಬ್ಬರಾಗಿ ಪ್ರಾರ್ಥಿಸಿದರು. ನನ್ನ ಸರದಿ. ಹೇಳಿದ್ದು ಸರಿಸುಮಾರು ಹೀಗೆ: ತಂದೆಯೇ, ನಮ್ಮ ನಡುವಿನ ಒಂದು ಕುಟುಂಬವನ್ನು ಜ್ಞಾಪಿಸಿಕೋ. ಮನಸ್ಸಿನ ಕತ್ತಲೆಯಲ್ಲಿ ಆಸ್ಪತ್ರೆ ಸೇರಿರುವ ಆ ಮನೆಯ ಯೌವನಸ್ಥನನ್ನು ಮುಟ್ಟು. ಮರೆಮಾಚದೆ ಬೆಳಕಿನಲ್ಲಿ ನಡೆಯುವ ಧೈರ್ಯವನ್ನು ಅವನ ತಂದೆಗೆ ಕೊಡು.

ಧ್ವನಿ ನಡುಗಿತು. ನಿಜವಾಗಿ ನಡುಗಿತು. ಎಲ್ಲರೂ ಆಮೆನ್ ಅಂದರು. ಬಾಗಿಲ ಹತ್ತಿರದಿಂದ ಮಾತ್ರ ಕೇಳಲಿಲ್ಲ.

ಹೊರಗೆ ಚಪ್ಪಲಿ ಹುಡುಕುವಾಗ ಇಬ್ಬರು ಹೆಂಗಸರು ಪಿಸುಗುಟ್ಟುತ್ತಿದ್ದರು. ಯಾರ ಮನೆ? ಯೌವನಸ್ಥ ಅಂದರ ಯಾರು? ಏಳು ಮನೆಗಳಲ್ಲಿ ಊರಲ್ಲಿಲ್ಲದ ಯೌವನಸ್ಥರು ಎಷ್ಟು ಜನ?

ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದೆ.

ಮಾರ್ಚ್ 22, ಸೋಮವಾರ

ಒಳ್ಳೆಯ ನಿದ್ದೆ.

ಮಾರ್ಚ್ 26, ಶುಕ್ರವಾರ

ಸ್ತೆಫಾನಪ್ಪನವರು ಆಫೀಸಿಗೇ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಬಿಸಿಲಲ್ಲಿ ಸೈಕಲ್ ತುಳಿದು ಅಂಗಿ ಪೂರಾ ಒದ್ದೆ. ಹೊರಗೆ ಕರೆದು ಕೇಳಿದರು.

"ನತಾನಯೇಲಪ್ಪ, ಆ ಕುಟುಂಬ ಯಾವುದು?"

"ಅದನ್ನ ನಾ ಹೇಳಬಾರದ್ರಿ."

"ಗುರುಸಿದ್ದಪ್ಪಂದಲ್ಲ ಅಂತ ಒಂದು ಮಾತು ಹೇಳ್ರಿ, ಸಾಕು. ತಿರುಗಿ ಹೋಗ್ತೀನಿ."

ಹೇಳಲಿಲ್ಲ. ಸುಳ್ಳು ಹೇಳಲಾರೆ ನಾನು. ಅವರು ಸೈಕಲ್ ತಿರುಗಿಸಿ, ಹತ್ತದೆ, ತಳ್ಳಿಕೊಂಡೇ ಹೋದರು.

ಅವರ ಬೆನ್ನು ನೋಡುತ್ತ ನಿಂತಾಗ ಗೊತ್ತಾಯಿತು. ಪೆಪ್ಪರ್‌ಮಿಂಟು ಮುಗಿದಿತ್ತು. ಬಾಯಿ ಕಹಿ.

ಮಾರ್ಚ್ 27, ಶನಿವಾರ

ಜಯಾಗೆ ಎಲ್ಲ ಹೇಳಿದೆ. ಏಣಿಯಿಂದ ಹಿಡಿದು ನಿನ್ನೆಯ ತನಕ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಅವತ್ತು ಮೊಣಕಾಲೂರಿ ಹೇಳಿದ್ದು ದೇವರಿಗೋ, ಸ್ತೆಫಾನಪ್ಪಗೋ?"

ನಾನು ಮೊರದಿಂದ ಒಂದು ಹರಳು ಆರಿಸಿ ತೆಗೆದೆ.

"ದೇವರಿಗೆ ಮೊದಲ ಗೊತ್ತಿತ್ತಲ್ಲ. ಅವಗ ಸುದ್ದಿ ಮುಟ್ಟಸೂ ಕೆಲಸ ಯಾರು ಕೊಟ್ಟಿದ್ರು ನಿಮಗ?"

"ನಾಳೆ ಕೂಟದಾಗ ಎಲ್ಲರ ಮುಂದ ಒಪ್ಪಕೊಂಡು ಬಿಡ್ತೀನಿ," ಅಂದೆ.

"ಹೂಂ, ಮತ್ತ ಎಲ್ಲರ ಮುಂದ! ಆ ಹುಡುಗನ ವಿಷಯ ಇನ್ನೊಮ್ಮೆ ಚಾಪಿ ಮ್ಯಾಲ ಹಾಸ್ರಿ. ಅಜನಿಗೆ ಹೋಗ್ರಿ. ಗುರುಸಿದ್ದಪ್ಪನವರ ಮನಿಗೆ. ಒಬ್ಬರಽ."

ಮೂರು ಬಾಗಿಲಿಗೆ ಚಿಲಕ ಹಾಕಿದ್ದೆ. ಅವನು ನಾಲ್ಕನೆಯದರಿಂದ ಬಂದ. ನಾನು ಮೊಣಕಾಲೂರಿ, ಕಣ್ಣುಮುಚ್ಚಿ, ಕೈ ಜೋಡಿಸಿದ್ದಾಗ. ದೇವರ ಹೆಸರನ್ನು ನನ್ನ ಬಾಯಿಂದಲೇ ಹೇಳಿಸುತ್ತ.

ಮಾರ್ಚ್ 28, ರವಿವಾರ

ಕೂಟಕ್ಕೆ ಗುರುಸಿದ್ದಪ್ಪನವರ ಮನೆಯವರು ಯಾರೂ ಬರಲಿಲ್ಲ. ಪಾಠ ತಯಾರಾಗಿಲ್ಲ ಎಂದು ಹೇಳಿ ಕುಳಿತೆ. ಮುಗಿದ ಕೂಡಲೇ ಅಜನಿ ರೈಲ್ವೆ ಕ್ವಾರ್ಟರ್ಸಿಗೆ.

ಬಾಗಿಲು ತೆಗೆದವಳು ವಾಸಂತಿ. ಕಣ್ಣು ಊದಿಕೊಂಡಿದ್ದವು. "ಬರ್ರಿ ಕಾಕಾ" ಅಂದಳು. ಕಾಕಾ ಎಂದೇ ಅಂದಳು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಗುರುಸಿದ್ದಪ್ಪನವರು ಬನಿಯನ್ನಿನಲ್ಲಿ ಆರಾಮಕುರ್ಚಿಯಲ್ಲಿದ್ದರು. ಎದ್ದೇಳಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಸುತ್ತುಬಳಸು ಬೇಡ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

"ಆಸ್ಪತ್ರಿಯಾಗ ನಿಮ್ಮನ್ನೂ ಯೋನಾತಾನನ್ನೂ ನೋಡಿದೆ. ನಿಮ್ಮ ಮ್ಯಾಲ ಹಳೆ ಸಿಟ್ಟಿತ್ತು. ಪ್ರಾರ್ಥನಾ ಅಂತ ಹೇಳಿ ಅದನ್ನ ಎಲ್ಲರ ಮುಂದ ಬಿಟ್ಟುಕೊಟ್ಟೆ. ಅದು ಪ್ರಾರ್ಥನಾ ಅಲ್ಲ. ಸೇಡು."

"ಏನು ಸಿಟ್ಟು?"

"ಕ್ರಿಸ್ಮಸ್ಸಿನಾಗ ನನ್ನ ಹಾಡು ನಿಲ್ಲಿಸಿದ್ರಿ. ಶ್ರುತಿ ತಪ್ಪೈತಿ ಅಂದ್ರಿ."

ಅವರಿಗೆ ನಿಜಕ್ಕೂ ನೆನಪಿರಲಿಲ್ಲ. "ಅದಕ್ಕಽ?" ಅಂದರು. ಆ ಒಂದು ಶಬ್ದದ ಮುಂದೆ ನಾನು ಎಷ್ಟು ಸಣ್ಣವನಾದೆ ಎಂದು ಬರೆಯಲಾರೆ.

"ತಪ್ಪಾತು," ಅಂದೆ.

"ಈಗ ಹೋಗ್ರಿ," ಅಂದರು. ಜೋರಾಗಿ ಅಲ್ಲ.

ಸೈಕಲ್ಲಿನ ಚಕ್ರದ ಗಾಳಿ ಇಳಿದಿತ್ತು. ಅಜನಿಯಿಂದ ಮನೆ ತನಕ ನಡೆದೆ.

ಏಪ್ರಿಲ್ 5, ಸೋಮವಾರ

ಒಂದು ವಾರ ಬರೆಯಲಿಲ್ಲ. ನಿನ್ನೆ ಪಾಠ ಬೇರೆಯವರು ಹೇಳಿದರು.

ಸ್ತೆಫಾನಪ್ಪನವರಿಂದ ತಿಳಿಯಿತು. ನಾನು ಹೋದ ಎರಡನೇ ದಿನ ಗುರುಸಿದ್ದಪ್ಪನವರು ತಾವೇ ಅವರ ಮನೆಗೆ ಹೋಗಿ ಎಲ್ಲ ಹೇಳಿದರಂತೆ. ಕಾಯಿಲೆ ಶುರುವಾದ ದಿನದಿಂದ, ಏನನ್ನೂ ಮುಚ್ಚಿಡದೆ. ಸ್ತೆಫಾನಪ್ಪ ಬೆಟಗೇರಿಗೆ ಬರೆದರು. ಹುಡುಗನ ತಾಯಿಯಿಂದ ಉತ್ತರ ಬಂದಿದೆ — ಈ ಸಂಬಂಧ ಬೇಡ.

ಊಟ ಸೇರುತ್ತಿಲ್ಲ. ನನ್ನಂಥವನು ಯಾರಿಗೂ ಪಾಠ ಹೇಳಬಾರದು, ಕೂಟಕ್ಕೂ ಹೋಗಬಾರದು. ಜಯಾಗೆ ಹಾಗೇ ಅಂದೆ. ಮೂರು ದಿನದಿಂದ ಅನ್ನುತ್ತಿದ್ದೇನೆ.

"ಇಷ್ಟು ದಿನ ನಿಮ್ಮಷ್ಟು ಚಲೋ ಮಂದಿ ಇಲ್ಲ ಅಂತಿದ್ರಿ," ಅಂದಳು. "ಈಗ ನಿಮ್ಮಷ್ಟು ದೊಡ್ಡ ಪಾಪಿ ಇಲ್ಲ. ಒಟ್ಟ ದೊಡ್ಡವರಾಗಬೇಕು ನೀವು. ಏಳ್ರಿ, ಊಟಕ್ಕ ಬರ್ರಿ."

ನಗು ಬಂತು. ಹತ್ತು ದಿನದ ಮೇಲೆ. ಕೊರಗಿನಲ್ಲಿಯೂ ಸೈತಾನನೇ ಕೂತಿದ್ದ, ಕಾಲು ಚಾಚಿ. ಎದ್ದು ಉಂಡೆ.

ಏಪ್ರಿಲ್ 8, ಗುರುವಾರ

ಗುರುಸಿದ್ದಪ್ಪನವರು ಸಂಜೆ ಮನೆಗೆ ಬಂದರು! ಜಯಾ ಕುರ್ಚಿ ಹಾಕಿ ಒಳಗೆ ಹೋದಳು. ನನಗೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

"ಒಂದು ಮಾತು ಹೇಳಿ ಹೋಗಾಕ ಬಂದೆ. ನೀವು ಮಾಡಿದ್ದರಿಂದ ಒಳ್ಳೇದಾತು ಅಂತ ನಾ ಹೇಳೂದಿಲ್ಲ. ನನ್ನ ಮಗಳು ಇನ್ನೂ ಅಳ್ತಾಳ."

"ಹೌದ್ರಿ."

"ಆದ್ರ ನಾನೂ ಸಾಚಾ ಅಲ್ಲ. ಲಗ್ನ ಆದ ಮ್ಯಾಲ ಹೇಳೂಣು ಅಂತ ಮಾಡಿದ್ದೆ. ಮಗಳ ಸಲುವಾಗಿ, ಅಂತ ನನಗ ನಾನಽ ಹೇಳ್ಕೊತ್ತಿದ್ದೆ. ಜಬಲ್ಪುರ ಅಂತ ಮೊದಲನೇ ಸಲ ಅಂದಾಗ ನಾಲಿಗಿ ತಡವರಿಸಿತ್ತು. ಆಮ್ಯಾಲ ಬರೋಬರ್ ರೂಢಿ ಆತು. ನೀವು ಪಾಠದಾಗ ಹೇಳಿದ ಸೈತಾನಗ ಕೋಡು ಇರ್ತಾವ ಅಂತ ಮಾಡಿದ್ದೆ, ನತಾನಯೇಲಪ್ಪ. ನನ್ನ ಮನಿಗೆ ಬಂದಂವ ಭಾಳ ಅಂತಃಕರಣದಿಂದ ಮಾತಾಡ್ತಿದ್ದ."

ಜಯಾ ಚಹಾ ತಂದಳು. ಕುಡಿದರು. ಎದ್ದು ನಿಂತು, "ರವಿವಾರ ಕೊನೇ ಪಾಠ ನೀವಽ ಹೇಳ್ರಿ. ಅರ್ಧಕ್ಕ ಬಿಡಬಾರದು" ಅಂದರು.

ಏಪ್ರಿಲ್ 11, ಗರಿಗಳ ರವಿವಾರ

ಐದು ನಿಮಿಷದಲ್ಲಿ ಮುಗಿಸಿದೆ. ನೋಟ್ಸ್ ಒಯ್ಯಲಿಲ್ಲ. ಯಾರ ಹೆಸರನ್ನೂ ಹೇಳಲಿಲ್ಲ, ನನ್ನದನ್ನೂ ದೊಡ್ಡದು ಮಾಡಲಿಲ್ಲ. ಹೇಳಿದ್ದು ಇಷ್ಟೇ: ಮೂರು ಬಾಗಿಲು ಎಂದಿದ್ದೆ, ಲೆಕ್ಕ ತಪ್ಪು. ಅವನು ಬರುವುದು ಕೆಟ್ಟದ್ದನ್ನು ಕೈಯಲ್ಲಿ ಹಿಡಿದುಕೊಂಡಲ್ಲ. ಸತ್ಯ, ಕಾಳಜಿ, ಮಕ್ಕಳ ಹಿತ, ಪ್ರಾರ್ಥನೆ — ನಮ್ಮ ಮನೆಯ ಪಾತ್ರೆಯಲ್ಲೇ ಬಡಿಸುತ್ತಾನೆ. ಆದ್ದರಿಂದ ಪಾತ್ರೆ ನೋಡಬೇಡಿ, ರುಚಿ ನೋಡಿ. ಇನ್ನೊಬ್ಬರ ದುಃಖ ಬಾಯಲ್ಲಿ ಸಿಹಿಯಾದರೆ ಅಲ್ಲೇ ಉಗುಳಿಬಿಡಿ. ಅವನ ಜೊತೆ ವಾದಕ್ಕೆ ಕೂರಬೇಡಿ. ಅವನು ನಮಗಿಂತ ಹಳೆಯ ವಕೀಲ. ನಿಮ್ಮನ್ನು ಹೆದರದೆ ಬೈಯುವ ಒಬ್ಬರಿಗೆ, ಅದೇ ದಿನ, ಸರಳ ಮಾತಿನಲ್ಲಿ ಹೇಳಿಬಿಡಿ. ಬೆಳಕು ಬಿದ್ದರೆ ಅವನು ನಿಲ್ಲುವುದಿಲ್ಲ. ಬಿದ್ದರೂ ಏಳಿ — ಬಿದ್ದಲ್ಲೇ ಮಲಗಿಸುವುದು ಅವನ ಎರಡನೇ ಕೆಲಸ. ನಮ್ಮ ಸ್ವಾಮಿ ಅವನನ್ನು ಗೆದ್ದಾಗಿದೆ. ನಾವು ಆ ಗೆದ್ದವನ ಪಕ್ಕ ನಿಂತರೆ ಸಾಕು.

ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಟೆಂಪರರಿ ಸ್ಟಾಫಿನ ಜೋಕು ಮರೆತೇ ಹೋಯಿತು.

ಏಪ್ರಿಲ್ 18, ಈಸ್ಟರ್

ಸೂರ್ಯ ಮೂಡುವ ಮುಂಚೆ ಆರಾಧನೆ. ಜಯಾಗೆ ಹೊಸ ಸೀರೆ. ಗಾಳಿ ಇನ್ನೂ ತಣ್ಣಗಿತ್ತು, ಈ ಊರಲ್ಲಿ ಏಪ್ರಿಲಿನ ಆ ಒಂದು ಗಂಟೆ ಎಷ್ಟು ಚೆಂದ!

ಮಧ್ಯಾಹ್ನ ಸ್ತೆಫಾನಪ್ಪನವರ ಮನೆಯಲ್ಲಿ ಕೃಪಾಕರ! ರಜೆ ಸಿಕ್ಕಿದ್ದೇ ತಡ, ಯಾರಿಗೂ ಹೇಳದೆ ರೈಲು ಹತ್ತಿದ್ದಾನೆ. ತೆಳ್ಳಗೆ, ಕನ್ನಡಕ, ನಾಚಿಕೆಯ ಸ್ವಭಾವ. ಗುರುಸಿದ್ದಪ್ಪನವರ ಮುಂದೆ ನಿಂತು ಹೇಳಿದ:

"ಅವ್ವ ಬ್ಯಾಡ ಅಂದಾಳ್ರಿ. ಅಕಿಗೆ ಅಂಜಿಕಿ ಐತಿ. ನಾ ಇನ್ನೂ ಏನೂ ಅಂದಿಲ್ಲ. ಮೊದಲ ವಾಸಂತಿ ಅವರ ಅಣ್ಣನ್ನ ನೋಡಬೇಕು."

ಗುರುಸಿದ್ದಪ್ಪನವರು ಹುಡುಗನ ಭುಜದ ಮೇಲೆ ಕೈ ಇಟ್ಟು ಹಾಗೇ ನಿಂತರು.

ಏಪ್ರಿಲ್ 22, ಗುರುವಾರ

ಕೃಪಾಕರ, ವಾಸಂತಿ, ಅವಳ ತಂದೆತಾಯಿ — ಎಲ್ಲರೂ ಆಸ್ಪತ್ರೆಗೆ ಹೋಗಿ ಬಂದರಂತೆ. ಯೋನಾತಾನ ಮಾಸ್ತರನ ಕನ್ನಡಕ ತೆಗೆದು ತಾನು ಹಾಕಿಕೊಂಡು, ಬಹಳ ಹೊತ್ತು ಮರ ನೋಡಿದನಂತೆ. ಕೊಡುವುದಿಲ್ಲ ಎಂದನಂತೆ. ಕೃಪಾಕರ ಕನ್ನಡಕ ಬಿಟ್ಟೇ ಬಂದಿದ್ದಾನೆ! ನಿನ್ನೆಯ ತನಕ ಅಳುತ್ತಿದ್ದ ಹುಡುಗಿ ಅವನ ಕೈ ಹಿಡಿದು ರಸ್ತೆ ದಾಟಿಸಿದಳು ಎಂದು ಜಯಾ ನಕ್ಕಿದ್ದೇ ನಕ್ಕಿದ್ದು.

ಏಪ್ರಿಲ್ 25, ರವಿವಾರ

ನಿಶ್ಚಿತಾರ್ಥ ಆಗಲಿಲ್ಲ. ಕೃಪಾಕರ ನಿನ್ನೆ ಊರಿಗೆ ಹೋದ, ತಾಯಿಯ ಜೊತೆ ಮಾತಾಡಲು. ಅವಳು ಒಪ್ಪಬಹುದು, ಒಪ್ಪದೆಯೂ ಇರಬಹುದು. ಅವನು ಮಾತ್ರ ವಾಸಂತಿಗೆ ತನ್ನ ಮಾತು ಕೊಟ್ಟು ಹೋಗಿದ್ದಾನೆ.

ಕೂಟ ಈ ಸಲ ಅಜನಿಯಲ್ಲಿ. ಪ್ರಾರ್ಥನೆಯ ಹೊತ್ತಿಗೆ ಗುರುಸಿದ್ದಪ್ಪನವರೇ ಮೊದಲು ಬಾಯಿ ತೆರೆದರು. "ನನ್ನ ಮಗ ಯೋನಾತಾನ," ಅಂದರು. ನಿಲ್ಲಿಸಿದರು. "ಆಸ್ಪತ್ರಿಯಾಗ ಅದಾನ ನನ್ನ ಮಗ. ಅವನ ಸಲುವಾಗಿ ಪ್ರಾರ್ಥನಾ ಮಾಡ್ರಿ." ಮೂರು ವರ್ಷದಲ್ಲಿ ನಮ್ಮ ಚಾಪೆಯ ಮೇಲೆ ಆ ಹುಡುಗನ ಹೆಸರು ಜಬಲ್ಪುರವಿಲ್ಲದೆ ಬಂದದ್ದು ಇದೇ ಮೊದಲು. ಏಳು ಮನೆಯವರೂ ಪ್ರಾರ್ಥಿಸಿದೆವು. ನನ್ನ ಸರದಿ ಬಂದಾಗ ಆಮೆನ್ ಅಷ್ಟೇ ಅಂದೆ.

ಹೊರಡುವಾಗ ಗುರುಸಿದ್ದಪ್ಪ, "ಗುರುವಾರ ನನ್ನ ಜೋಡಿ ಆಸ್ಪತ್ರಿಗೆ ಬರ್ರಿ, ಸವಡು ಇದ್ರ" ಅಂದರು. ಬಿಡುವಿದೆ ಅಂದೆ.

ಮೇ 1, ಶನಿವಾರ

ಬಿಸಿಲು ನೂರಾಹನ್ನೆರಡು ಡಿಗ್ರಿ. ಕಿಟಕಿಗೆ ಕಟ್ಟಿದ ಖಸ್ ತಟ್ಟಿಗೆ ನೀರು ಹಾಕಿ ಹಾಕಿ ಸಾಕಾಯಿತು. ಗುರುವಾರ ಹೋಗಿ ಬಂದೆವು. ಯೋನಾತಾನ ನನ್ನ ಟೇಪು ಹಿಡಿದು ಬೆಂಚು ಅಳೆದ, ನನ್ನನ್ನೂ ಅಳೆದ. ಬೆಂಚೇ ಉದ್ದ ಎಂದು ತೀರ್ಪು ಕೊಟ್ಟ.

ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಜಯಾ ಹಪ್ಪಳ ಒಣಗಿಸುತ್ತಿದ್ದಾಳೆ.

ಇವತ್ತು ಆಫೀಸಿನಲ್ಲಿ ಒಂದು ವಿಷಯ ಕಿವಿಗೆ ಬಿತ್ತು. ನಮ್ಮ ಹೆಡ್ ಕ್ಲರ್ಕರದು. ಯಾರ ಹತ್ತಿರವೂ ಆಡಿಲ್ಲ, ಆಡುವುದೂ ಇಲ್ಲ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲವಲ್ಲ. ಏನಾಯಿತೆಂದರೆ, ಮೊನ್ನೆ ಸಂಜೆ ಅವರ — ಬೇಡ, ಬಾಯಿ ಸಿಹಿಯಾಗುತ್ತಿದೆ.